ಆಯ್ನೊ ಎಂಬ ಹೆಸರು

ಈ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಏನಾದರೊಂದು ಬರೆಯತಕ್ಕದ್ದೆಂದು ಸಂಪಾದಕ ಮಂಡಲಿಯವರ ಅಪ್ಪಣೆಯಾಯಿತು. ಶಾಲೆಯ ಕಟ್ಟಡದ ವಿಷಯ, ಪರೀಕ್ಷಾ ಫಲಗಳ ವಿಷಯ, ಕ್ರೀಡೆಗಳ ವಿಷಯ ಬೇರೆಯವರು ಬರೆದಿರುವರು. ನಮ್ಮ ಪಾಲಿಗೆ ಉಳಿದದ್ದು ಪ್ರವೇಶ ಪುಸ್ತಕ. ಅದರ ಒಂದು ಸಾಲಿನ ವಿಷಯವಾಗಿ ನಾವು ಬಹುಕಾಲದಿಂದ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಇಲ್ಲಿ ಬರೆಯುತ್ತೇವೆ. ಪೂರ್ವ ವಿದ್ಯಾರ್ಥಿನಿಯರೂ ಮಾತಾಪಿತರೂ ಇದನ್ನು ಓದುವರಾದ್ದರಿಂದ ಅವರ ಮುಂದೆಯೇ ಹೇಳುವುದು ಯುಕ್ತವೆಂದು ತೋರಿತು.

ಕಳೆದ ಮೇ ತಿಂಗಳ ರಜೆಯಲ್ಲಿ ನಾವು ಕಚೇರಿಯಲ್ಲಿ ಒಬ್ಬರೇ ಕುಳಿತು ಹೊಸ ಪ್ರವೇಶ ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದೆವು. ಆಗ ಬಾಳೆಗುಳಿಯಿಂದ ಒಬ್ಬ ತಾಯಿ ಬಂದರು. ಅಂಕೋಲೆಯ ಸೀಮೆಯವರಿಗೆ ಬಾಳೆಗುಳಿಯನ್ನು ವರ್ಣಿಸಬೇಕಾದದ್ದಿಲ್ಲ. ಕಡಲ ತೀರದ ಹೆದ್ದಾರಿಯಿಂದ ಹುಬ್ಬಳ್ಳಿಯ ಹಾದಿ ತಿರುಗುವ ಸ್ಥಳವದು. ಹೆಸರನ್ನು ಕೇಳಿದೊಡನೆ ಬಾಳೆಯ ಕಂದು ನೆಡಲು ತೋಡಿದ ಗುಳಿಯೊಂದು ಕಣ್ಣ ಮುಂದೆ ಬರುವುದು. ಊರಿನ ಹೆಸರುಗಳಿಗೆ ಈ ಸೌಖ್ಯವುಂಟು. ಅವುಗಳ ಅರ್ಥಕ್ಕೆ ಯಾರೂ ನಾಚಿಕೊಳ್ಳುವುದಿಲ್ಲ. ಬಂದ ತಾಯಿಯು ಹಾಲಕ್ಕಿ ಒಕ್ಕಲಿಗರವರು. ಕೊರಳ ತುಂಬ ಮಣಿಸರ, ಕೈಯಲ್ಲಿ ಒಂದು ಬುಟ್ಟಿ ಇಶಾಡು ಮಾವು, ಸೆರಗಿನ ತುದಿಯಲ್ಲಿ ಗಂಟು ಕಟ್ಟಿದ ಒಂದು ಲಕೋಟೆ.

“ಅಕ್ಕೋರೇ, ಮಗಳದ್ದು ಕಾಗ್ದ. ನಿಮ್ಗೇ ಬರದ್ದಂತೆ,” ಎಂದು ಅದನ್ನು ಮೇಜಿನ ಮೇಲಿಟ್ಟರು.

ಅವರ ಮಗಳು ನಮ್ಮಲ್ಲಿ ಒಂದನೆಯ ತರಗತಿಯಿಂದ ಕಲಿತವಳು. ದಾದಿಯರ ಶಿಕ್ಷಣ ಪಡೆದು, ಈಗ ಫಿನ್ಲೆಂಡ್ ದೇಶದ ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕಿರುವಳು. ಅವಳಿಗೆ ಹೆಣ್ಣು ಮಗು ಹುಟ್ಟಿದ ಸಮಾಚಾರವು ನಮಗೂ ತಲಪಿತ್ತು. ಮಗುವಿಗೆ ಇಟ್ಟ ಹೆಸರನ್ನು ಕೇಳಿ ಅಜ್ಜಿಗೆ ಸಮಾಧಾನವಿಲ್ಲದೆ ಹೋಗಿತ್ತು.

“ಹೈನೋ ಏನೋ ಅಂತದೆ ಫೋನಲ್ಲಿ. ಹಾಲು ಮಜ್ಜಿಗೆದು ಹೆಸರಾ ಅಕ್ಕೋರೇ ಅದು?”

ಹೈನಲ್ಲ, ಆಯ್ನೊ. ಲಕೋಟೆಯನ್ನು ಒಡೆದು ನಾವು ನಾಲ್ಕು ಪುಟದ ಪತ್ರವನ್ನು ಓದಿದೆವು. ತಾನು ನೋಡಿಕೊಳ್ಳುವ ವೃದ್ಧೆಯರಲ್ಲಿ ಈ ಹೆಸರಿನವರು ಒಬ್ಬರಿರುವರು, ಅವರ ವಯಸ್ಸು ತೊಂಬತ್ತು ಮೀರಿದೆ, ರಾತ್ರಿ ಪಾಳಿಯಲ್ಲಿ ತನಗೆ ಆ ದೇಶದ ಭಾಷೆ ಕಲಿಸಿದವರು ಅವರೇ, ಆ ಹೆಸರಿಗೆ ‘ಒಬ್ಬಳೇ’ ಎಂಬ ಅರ್ಥವೆಂದು ಹೇಳಿದವರೂ ಅವರೇ ಎಂದು ಬರೆದಿದ್ದಳು. “ಅಮ್ಮನಿಗೆ ಇದು ಒಪ್ಪಿಗೆಯಾಗಿಲ್ಲ. ನೀವು ತಿಳಿಸಿ ಹೇಳಿದರೆ ಒಪ್ಪುವಳು” ಎಂಬದು ಪತ್ರದ ಮುಖ್ಯ ವಿನಂತಿ. ಕಡೆಯ ಪುಟದಲ್ಲಿ ಇನ್ನೂ ಒಂದು ಸಂಗತಿಯಿತ್ತು. ಅದನ್ನು ಮುಂದೆ ಹೇಳುವೆವು.

ಆಯ್ನೊ ಎಂಬ ಶಬ್ದವು ನಮಗೆ ತೀರ ಹೊಸತಾಗಿರಲಿಲ್ಲ. ಟ್ರೈನಿಂಗ್ ಕಾಲೇಜಿನಲ್ಲಿದ್ದಾಗ ಅಲ್ಲಿಯ ಗ್ರಂಥಾಲಯದಲ್ಲಿ ಕಲೆವಲ ಎಂಬ ಫಿನ್ನಿಶ್ ಮಹಾಕಾವ್ಯವನ್ನು ಕಿರ್ಬಿ ಎಂಬವರು 1907ರಲ್ಲಿ ಮಾಡಿದ ಇಂಗ್ಲಿಷ್ ಭಾಷಾಂತರದಲ್ಲಿ ಓದಿದ್ದೆವು. ಎರಡು ಚಿಕ್ಕ ಸಂಪುಟಗಳು, ಹುಳ ಹಿಡಿದಿದ್ದವು. ಪರೀಕ್ಷೆಗೆ ಓದಬೇಕಾದದ್ದನ್ನು ಬಿಟ್ಟು ಅದನ್ನು ಓದಿ ಬೈಗಳನ್ನೂ ತಿಂದೆವು. ಆ ದಿವಸದ ಬೈಗಳಿಗೆ ಇಷ್ಟು ವರ್ಷಗಳ ಮೇಲೆ ಪ್ರಯೋಜನ ದೊರಕಿತೆನ್ನಬೇಕು.

ಆ ಕಾವ್ಯವನ್ನು ಒಬ್ಬ ಕವಿ ಕುಳಿತು ಬರೆದದ್ದಲ್ಲ. ಎಲಿಯಾಸ್ ಲೋನ್‌ರೂತ್ (1802–1884) ಎಂಬ ವೈದ್ಯರು ಊರೂರು ಕಾಲ್ನಡೆಯಿಂದ ತಿರುಗಿ, ಮುದುಕ ಮುದುಕಿಯರ ಬಾಯಿಂದ ಹಾಡುಗಳನ್ನು ಬರೆದುಕೊಂಡು, ಅವುಗಳನ್ನು ಜೋಡಿಸಿ 1835ರಲ್ಲಿ ಮೊದಲು ಪ್ರಕಟಿಸಿದರು. 1849ರಲ್ಲಿ ಅದನ್ನು ಬೆಳೆಸಿ 50 ಪರ್ವಗಳ, 22,795 ಸಾಲುಗಳ ಗ್ರಂಥವನ್ನಾಗಿ ಮಾಡಿದರು. ಆಯ್ನೊ ಎಂಬ ಕನ್ಯೆಯ ಕಥೆಯು ಅದರ ನಾಲ್ಕನೆಯ ಪರ್ವದಲ್ಲಿದೆ.

ಯೋಕಹಾಯ್ನೆನ್ ಎಂಬ ಗರ್ವಿಷ್ಠ ತರುಣನು ವಾಯ್ನಾಮೊಯ್ನೆನ್ ಎಂಬ ವೃದ್ಧ ಗಾಯಕನೊಡನೆ ಹಾಡಿನ ಪಂದ್ಯಕ್ಕೆ ನಿಂತು ಸೋಲುವನು. ವೃದ್ಧನ ಹಾಡಿನ ಬಲದಿಂದ ತರುಣನು ಕೆಸರಿನಲ್ಲಿ ಹೂತುಹೋಗುವನು. ಜೀವದ ಭಯದಿಂದ ಅವನು ಕೊಡುವ ಬೆಲೆ ಯಾವದೆಂದರೆ ತನ್ನ ತಂಗಿ. ಮನೆಗೆ ಬಂದು ಅಳುತ್ತ ತಿಳಿಸಿದರೆ ತಾಯಿಗೆ ದುಃಖವಿಲ್ಲ. ಅಷ್ಟು ದೊಡ್ಡ ಮನುಷ್ಯನು ಅಳಿಯನಾಗುವನೆಂದು ಸಂತೋಷ. ಹುಡುಗಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಉಗ್ರಾಣಕ್ಕೆ ಹೋಗಿ ಚಿನ್ನದ ಒಡವೆಗಳನ್ನು ತೊಡೆಂದು ತಾಯಿ ಹೇಳುವಳು. ಅವಳು ಹೊರಟವಳು ದಾರಿ ತಪ್ಪಿ ಕಡಲ ತೀರಕ್ಕೆ ಸೇರುವಳು. ಒಡವೆಗಳನ್ನು ದಡದಲ್ಲಿ ಬಿಟ್ಟು ನೀರಿಗಿಳಿದು ಒಂದು ಬಂಡೆಯ ಮೇಲೆ ಕೂರುವಳು. ಬಂಡೆಯು ಅವಳೊಂದಿಗೆ ಮುಳುಗಿಹೋಗುವುದು. ಆಮೇಲೆ ತಾಯಿ ಅತ್ತ ಕಣ್ಣೀರಿನಿಂದ ಮೂರು ಹೊಳೆಗಳು ಹರಿದವೆಂದೂ, ಮನಸ್ಸಿಲ್ಲದ ಮಗಳನ್ನು ಮದುವೆಗೆ ಬಲಾತ್ಕರಿಸಬೇಡಿರೆಂದು ಅವಳು ಇತರ ತಾಯಂದಿರಿಗೆ ಹೇಳಿದಳೆಂದೂ ಆ ಪರ್ವದಲ್ಲಿದೆ.

ಈ ಕಥೆಯನ್ನು ನಾವು ಆ ಅಜ್ಜಿಗೆ ಹೇಳಿದ್ದೇ ತಪ್ಪಾಯಿತು.

“ನೀರಿಗೆ ಬಿದ್ದು ಸತ್ತವ್ಳ ಹೆಸರಾ!” ಎಂದು ಅವರು ಎದ್ದು ನಿಂತರು. ಮಾವಿನ ಬುಟ್ಟಿಯನ್ನೂ ಎತ್ತಿಕೊಂಡರೆಂದು ನೆನಪು.

ಆಗ ನಮಗೆ ಹೊಳೆದದ್ದು ಭಾಗೀರಥಿಯ ಹೆಸರು. ಘಟ್ಟದ ಮೇಲಿನ ಸೀಮೆಯವರು ಹಾಡುವ ‘ಕೆರೆಗೆ ಹಾರ’ ಎಂಬ ಹಾಡನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬಾರದೆ ಹೋಗಲು, ಮನೆಯ ಕಿರಿಸೊಸೆ ಭಾಗೀರಥಿಯನ್ನು ಬಲಿಗೊಡುವರು. ತಾನು ಸಾಯಲಿರುವ ಸಂಗತಿಯನ್ನು ಅವಳು ತವರಿಗೆ ಹೋದರೂ ಬಾಯಿಬಿಟ್ಟು ಹೇಳಲಾರಳು. ಗಂಡನು ದಂಡಿನಿಂದ ಹಿಂದಿರುಗಿ ಬಂದು ಅದೇ ಕೆರೆಗೆ ಹಾರುವನು. ಎರಡು ಹಾಡುಗಳೂ ಹುಟ್ಟಿದ ದೇಶಗಳ ನಡುವೆ ಎಷ್ಟು ಭೂಮಿ, ಎಷ್ಟು ಸಮುದ್ರ! ಆದಾಗ್ಯೂ ಎರಡರಲ್ಲಿಯೂ ಹಿರಿಯರು ಮಾತು ಮುಗಿಸಿದ ಮೇಲೆ ಹೆಣ್ಣುಮಗಳು ಒಡವೆ ಇಟ್ಟುಕೊಳ್ಳುವ ಹೊತ್ತಿನಲ್ಲಿ ನೀರಿಗೆ ಹೋಗುತ್ತಾಳೆ. “ಭಾಗೀರಥಿ ಎಂದು ಹೆಸರಿಡುವವರಿಲ್ಲವೇ, ಅಮ್ಮಾ?” ಎಂದು ಕೇಳಿದೆವು. ಆ ಹೆಸರನ್ನು ಜನರು ಇಡುವುದು ಗಂಗೆಯ ಮೇಲಿನ ಭಕ್ತಿಯಿಂದ, ಹಾಡಿನ ನೆನಪಿನಿಂದಲ್ಲ. ನಮ್ಮ ವಾದವು ಅಷ್ಟೇನೂ ಗಟ್ಟಿಯಲ್ಲವೆಂದು ನಮಗೂ ಗೊತ್ತಿತ್ತು. ಆದರೆ ಅವರು ಪುನಃ ಕುಳಿತರು.

ಇನ್ನು ಹೆಸರಿನ ಉತ್ಪತ್ತಿಯ ವಿಷಯ. ಫಿನ್ನಿಶ್ ಭಾಷೆಯಲ್ಲಿ ‘ಆಯ್ನೊಆ’ ಎಂದರೆ ಏಕಮಾತ್ರವಾದದ್ದು, ಬೇರೊಂದಿಲ್ಲದ್ದು. ಹಾಡುಗಳಲ್ಲಿ ಅದು ‘ಆಯ್ನೊ’ ಎಂದು ಸಂಕ್ಷೇಪವಾಗಿ ಬರುವುದು. ಲೋನ್‌ರೂತರಿಗೆ ದೊರೆತ ಮೂಲದ ಹಾಡುಗಳಲ್ಲಿ ಆ ಹುಡುಗಿಯ ಹೆಸರು ಅನ್ನಿ. ‘ಆಯ್ನೊ’ ಎಂಬದು ಅವಳಿಗೆ ಹಾಡುಗಾರರು ಕೊಡುತ್ತಿದ್ದ ವಿಶೇಷಣ, ಅಂದರೆ ಒಬ್ಬಳೇ ಮಗಳು, ಮುದ್ದಿನ ಮಗಳು ಎಂಬ ಹಾಗೆ. ಅವಳ ಕೊನೆಯೂ ಅಲ್ಲಿ ಬೇರೆ ವಿಧವಾಗಿತ್ತು, ಇನ್ನೂ ಘೋರವಾಗಿತ್ತು. ಲೋನ್‌ರೂತರು ಆ ವಿಶೇಷಣವನ್ನೇ ಎತ್ತಿ ಅಂಕಿತನಾಮ ಮಾಡಿದರು. ವ್ಯಾಕರಣದ ಪಾಠದಲ್ಲಿ ಗುಣವಾಚಕವು ನಾಮವಾಚಕವಾಗುವುದಕ್ಕೆ ನಾವು ಒಣ ಉದಾಹರಣೆಗಳನ್ನು ಕೊಡುತ್ತೇವೆ. ಇಲ್ಲಿ ಒಂದು ದೇಶದ ಹೆಣ್ಣುಮಕ್ಕಳು ಆ ಸೂತ್ರವನ್ನು ತಮ್ಮ ಮೈಮೇಲೆ ಹೊತ್ತು ನಡೆಯುತ್ತಿರುವರು.

ಯಾಕಂದರೆ ಅದು ಪುಸ್ತಕದಲ್ಲಿ ಉಳಿಯಲಿಲ್ಲ. ಆ ಕಾಲದಲ್ಲಿ ಫಿನ್ಲೆಂಡ್ ರಷ್ಯಾ ಚಕ್ರವರ್ತಿಯ ಅಧೀನವಾಗಿತ್ತು. ಕಚೇರಿ ಮತ್ತು ವಿದ್ಯಾವಂತರ ಮನೆಗಳಲ್ಲಿ ಸ್ವೀಡಿಶ್ ಭಾಷೆ. ಹೊಲದಲ್ಲಿ ದುಡಿಯುವವರ ಭಾಷೆಯು ಫಿನ್ನಿಶ್. ತಮ್ಮ ನಾಡಿನ ಮಾತಿಗೆ ಮಾನ ಬರಬೇಕೆಂದು ಹಟ ಹಿಡಿದ ಕುಟುಂಬಗಳು ಮಕ್ಕಳಿಗೆ ಆ ಭಾಷೆಯ ಹೆಸರುಗಳನ್ನಿಡಲು ತೊಡಗಿದವು. ಸಿಬೇಲಿಯಸ್ ಎಂಬ ಸಂಗೀತಗಾರರ ಪತ್ನಿ ಆಯ್ನೊ (1871–1969) ಅಂಥ ಮನೆಯ ಮಗಳು. 1904ರಲ್ಲಿ ದಂಪತಿಗಳು ಒಕ್ಕಲಾದ ಮನೆಗೆ ಅವರ ಹೆಸರಿನಿಂದಲೇ ಆಯ್ನೊಲ ಎಂದು ಹೆಸರು. ಕಥೆಗಾರ್ತಿ ಆಯ್ನೊ ಕಾಲ್ಲಸ್ (1878–1956) ಇನ್ನೊಬ್ಬರು. 1891ರಲ್ಲಿ ಗಾಲೆನ್-ಕಾಲೆಲ ಎಂಬ ಚಿತ್ರಕಾರರು ಆ ಕಥೆಯನ್ನು ಮೂರು ಫಲಕಗಳಲ್ಲಿ ಬರೆದರು. 1906ರ ಮೇ ತಿಂಗಳಲ್ಲಿ ಸಾವಿರಾರು ಮಂದಿ ಒಟ್ಟಾಗಿ ತಮ್ಮ ಸ್ವೀಡಿಶ್ ಅಡ್ಡಹೆಸರುಗಳನ್ನು ಬಿಟ್ಟು ಫಿನ್ನಿಶ್ ಅಡ್ಡಹೆಸರುಗಳನ್ನು ಧರಿಸಿದರು. ಅದೇ ವರ್ಷ ಅಲ್ಲಿಯ ಸ್ತ್ರೀಯರಿಗೆ ಮತಾಧಿಕಾರವೂ ದೊರಕಿತು. 1907ರಲ್ಲಿ 19 ಮಂದಿ ಸ್ತ್ರೀಯರು ಶಾಸನ ಸಭೆಯಲ್ಲಿ ಕುಳಿತರು. ಕೇಳದೆಯೇ ಕೊಟ್ಟುಬಿಟ್ಟ ಹುಡುಗಿಯ ಹೆಸರನ್ನು ಹೀಗೆ ಕೇಳಿಸಿಕೊಳ್ಳುವ ಹಕ್ಕುಳ್ಳ ಹೆಂಗಸರು ಹೊತ್ತರು. ಮುಳುಗಿದವಳನ್ನು ಅವರು ಹೆಸರು ಹಿಡಿದು ಮೇಲಕ್ಕೆತ್ತಿದರೆಂದು ನಮಗೆ ತೋರುತ್ತದೆ.

ಅಜ್ಜಿಗೆ ನಾವು ಇಷ್ಟೆಲ್ಲ ಹೇಳಲಿಲ್ಲ. ಅಲ್ಲಿಯ ಪಂಚಾಂಗದಲ್ಲಿ ಪ್ರತಿಯೊಂದು ಹೆಸರಿಗೂ ಒಂದು ದಿನವಿರುವುದು, ಆಯ್ನೊ ಎಂಬವರಿಗೆ ಮೇ 10ನೆಯ ತಾರೀಖು, ಆ ದಿನ ಅವರಿಗೆ ಶುಭ ಹಾರೈಸುವರು ಎಂಬದನ್ನು ಮಾತ್ರ ಹೇಳಿದೆವು.

“ವರ್ಷಕ್ಕೆ ಒಂದೇ ದಿನ್ವಾ?” ಎಂದು ಅವರು ನಕ್ಕರು. “ನಮ್ಮದ್ರ ಹೆಸರಿಗೆ ವಾರಕ್ಕೊಂದ್ಸಲ ಬತ್ತಿತ್ತು.”

ಆ ಮಾತು ನಮ್ಮ ಎದೆಗೆ ತಾಗಿತು. ಯಾಕೆಂಬದನ್ನು ಇನ್ನು ಹೇಳಬೇಕು.

ಹಾಲಕ್ಕಿಗಳಲ್ಲಿ ಹುಟ್ಟಿದ ವಾರದ ಹೆಸರನ್ನು ಮಗುವಿಗೆ ಇಡುವ ವಾಡಿಕೆಯುಂಟು. ಸೋಮವಾರ ಹುಟ್ಟಿದವಳು ಸೋಮಿ, ಶುಕ್ರವಾರ ಹುಟ್ಟಿದವಳು ಸುಕ್ರಿ. 26 ವರ್ಷಗಳ ಕೆಳಗೆ, ಜೂನ್ ತಿಂಗಳ ಒಂದು ಮಳೆಯ ಬೆಳಿಗ್ಗೆ, ಇದೇ ತಾಯಿ ಕಂಬಳಿಯ ಕೊಪ್ಪೆಯೊಳಗೆ ಮಗಳನ್ನು ಮುಚ್ಚಿಕೊಂಡು ಬಂದು ಇದೇ ಮೇಜಿನ ಮುಂದೆ ನಿಂತಿದ್ದರು. ಆಗ ನಮಗೆ ವಯಸ್ಸು 22. ಟ್ರೈನಿಂಗ್ ಮುಗಿಸಿ ಬಂದ ಹೊಸತು. ಒಂದನೆಯ ತರಗತಿಯ ಪ್ರವೇಶ ಪುಸ್ತಕವನ್ನು ನಮ್ಮ ಕೈಗೆ ಕೊಟ್ಟಿದ್ದರು. ನಮ್ಮ ಅಕ್ಷರವು ದುಂಡಗಿದೆಯೆಂದು ನಮಗೆ ಜಂಬವಿತ್ತು.

“ಮಗುವಿನ ಹೆಸರೇನು?”

“ಶುಕ್ರಾರ ಹುಟ್ಟದ್ದು ಅಕ್ಕೋರೇ. ಸುಕ್ರಿ.”

ಬೆಂಚಿನ ಮೇಲೆ ಕುಳಿತಿದ್ದ ಬೇರೆ ಮಕ್ಕಳು ಕಿಸಕ್ಕೆಂದು ನಕ್ಕರು. ಆ ನಗೆಯನ್ನು ಗದರಿಸಿ ನಿಲ್ಲಿಸಬೇಕಾದದ್ದು ನಮ್ಮ ಕೆಲಸವಾಗಿತ್ತು. ನಾವು ಹಾಗೆ ಮಾಡದೆ, ನಗುವುದಕ್ಕೆ ಕಾರಣವಾದದ್ದನ್ನೇ ತೆಗೆದುಹಾಕಿದೆವು. ಇದು ಶಾಲೆಗೆ ಒಪ್ಪುವ ಹೆಸರಲ್ಲ, ಮುಂದೆ ಓದಿ ಮೇಲೆ ಬಂದಾಗ ಹುಡುಗಿಗೆ ಸಂಕೋಚವಾದೀತು ಎಂದು ಬುದ್ಧಿ ಹೇಳಿ, ಅದೇ ಅಕ್ಷರದಿಂದ ಮೊದಲಾಗುವ ಒಂದು ಸಂಸ್ಕೃತದ ಹೆಸರನ್ನು ಬರೆದೆವು. ಹೀಗೆ ಮಾಡೆಂದು ಯಾರೂ ನಮಗೆ ಹೇಳಿರಲಿಲ್ಲ. ಮಾಡಬೇಡವೆಂದು ಯಾರೂ ತಡೆಯಲೂ ಇಲ್ಲ. ಆ ತಾಯಿ, “ನೀವ್ ಬರದ್ದೇ ಸೈ, ಅಕ್ಕೋರೇ” ಎಂದು ಕೈ ಮುಗಿದರು. ಮಗು ಮಾತ್ರ ಹಾಜರಿ ಕರೆಯುವಾಗ ಬಹಳ ದಿನ ಸುಮ್ಮನೆ ಕುಳಿತಿರುತ್ತಿತ್ತು. ಮಂದಬುದ್ಧಿಯೇನೋ ಎಂದು ಸಂಶಯಪಟ್ಟೆವು. ತನ್ನನ್ನು ಕರೆಯುತ್ತಿರುವರೆಂಬದು ಅದಕ್ಕೆ ತಿಳಿಯಲೇ ಇಲ್ಲ.

ರಾಬಿನ್ಸನ್ ಕ್ರೂಸೋವಿನ ಕಥೆಯನ್ನು ನಾವು ಎಷ್ಟೋ ವರ್ಷ ಪಾಠ ಮಾಡಿದ್ದೇವೆ. ದ್ವೀಪದಲ್ಲಿ ದೊರೆತ ಮನುಷ್ಯನಿಗೆ ಕ್ರೂಸೋ ಶುಕ್ರವಾರ ಎಂದೇ ಹೆಸರಿಡುವನು. ನಿನ್ನ ಹೆಸರೇನು ಎಂದು ಮೊದಲು ಕೇಳಬೇಕೆಂದು ಅವನಿಗೆ ತೋರುವುದೇ ಇಲ್ಲ. ಆ ಪುಟ ಬಂದಾಗಲೆಲ್ಲ ನಾವು ಕ್ರೂಸೋವಿನ ಅಹಂಕಾರವನ್ನು ಹುಡುಗಿಯರಿಗೆ ವಿವರಿಸುತ್ತಿದ್ದೆವು. ನಾವಾದರೋ ಹೆಸರನ್ನು ಕೇಳಿ ತಿಳಿದೇ ಶುಕ್ರವಾರವನ್ನು ಕಸಿದುಕೊಂಡವರು.

ನಮ್ಮ ಮಿಶನ್ ಶಾಲೆಗಳ ಮೇಲೆ, ಹೆಸರು ಬದಲಿಸುವವರೆಂಬ ಒಂದು ಮಾತುಂಟು. ಅದು ಸಂಪೂರ್ಣ ಸುಳ್ಳೆನ್ನಲಾರೆವು. ಆದರೆ ಹಿಂದಿನವರು ಎಲ್ಲರೂ ನಮ್ಮಷ್ಟು ಅವಸರದವರಾಗಿರಲಿಲ್ಲ. 1844ರಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಹೊಂದಿದಾಗ ಅವರಿಗೆ ಮೋಗ್ಲಿಂಗರ ಹೆಸರಾದ ಹೆರ್ಮನ್ ಎಂಬದು ಬಂತು. ಆದರೂ ಆನಂದರಾವ್ ಎಂಬದು ಹೋಗಲಿಲ್ಲ, ಕೌಂಡಿನ್ಯ ಎಂಬದೂ ಹೋಗಲಿಲ್ಲ. ಹೆರ್ಮನ್ ಆನಂದರಾವ್ ಕೌಂಡಿನ್ಯ ಎಂದೇ ಅವರು ಪ್ರಸಿದ್ಧರು. ಸತ್ಯವೇದವನ್ನು ಕನ್ನಡಿಸಿದವರು ಮಾರ್ಥಳು, ಮರಿಯಳು, ರಾಹೇಲಳು ಎಂದು ಪರದೇಶದ ಹೆಸರುಗಳಿಗೇ ನಮ್ಮ ‘ಳು’ಕಾರವನ್ನು ಉಡಿಸಿದರು. ತಾವು ಬಂದ ಕಡೆಯ ಭಾಷೆಗೆ ತಲೆಬಾಗಿದ ಹೆಸರುಗಳು ಅವು. ನಮ್ಮ ಸ್ವಂತ ಹೆಸರೂ ಒಬ್ಬ ಪರದೇಶದ ಶಿಕ್ಷಕಿಯ ನೆನಪಿಗಾಗಿ ನಮ್ಮ ತಾಯಿ ಇಟ್ಟದ್ದು. ತಾಯಿ ಇಟ್ಟದ್ದಾದ್ದರಿಂದ ಅದು ನಮಗೆ ಎಂದೂ ಪರದೇಶದ್ದೆನಿಸಲಿಲ್ಲ.

ಮಾಡಿದ ತಪ್ಪು ನಮಗೆ ಮನವರಿಕೆಯಾದದ್ದು 2017ರಲ್ಲಿ. ಆ ವರ್ಷ ನಮ್ಮ ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ ಪದ್ಮಶ್ರೀ ದೊರಕಿತು. ಹಾಲಕ್ಕಿಗಳ ಹಾಡುಗಳನ್ನು ಸಾವಿರಗಟ್ಟಲೆ ನೆನಪಿನಲ್ಲಿಟ್ಟಿದ್ದ, ಹೆಂಡದ ಹಾವಳಿಯ ವಿರುದ್ಧ ಹೆಂಗಸರನ್ನು ಕಟ್ಟಿದ ಆ ತಾಯಿ ಅಕ್ಷರ ಕಲಿತವರಲ್ಲ. ಪತ್ರಿಕೆಯ ಮೊದಲ ಪುಟದಲ್ಲಿ ‘ಸುಕ್ರಿ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಶಾಲೆಗೆ ಒಪ್ಪದೆಂದು ನಾವು ಹೇಳಿದ ಹೆಸರು ರಾಷ್ಟ್ರಪತಿ ಭವನಕ್ಕೆ ಒಪ್ಪಿತು. ಶಾಲೆಗೆ ಬಂದಿದ್ದರೆ ಅವರ ಹೆಸರೂ ನಮ್ಮಂಥವರ ಕೈಯಲ್ಲಿ ಸಿಕ್ಕಿ ಏನಾಗುತ್ತಿತ್ತೋ! ಮುಂದೆ 2021ರಲ್ಲಿ ಹೊನ್ನಳ್ಳಿಯ ತುಳಸಿ ಗೌಡರು ಬರಿಗಾಲಿನಲ್ಲಿ, ಮಣಿಸರದಲ್ಲಿ ಅದೇ ಭವನಕ್ಕೆ ಹೋಗಿ ಅದೇ ಪ್ರಶಸ್ತಿ ಪಡೆದರು. ತುಳಸಿ ಗೌಡರು 2024ರ ದಶಂಬರದಲ್ಲಿಯೂ ಸುಕ್ರಿ ಬೊಮ್ಮಗೌಡರು 2025ರ ಫೆಬ್ರುವರಿಯಲ್ಲಿಯೂ ತೀರಿಹೋದರು. ಅವರಿಗಾಗಿ ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತು ಎದ್ದು ನಿಂತಾಗ ನಮಗೆ ಹಾಜರಿಯಲ್ಲಿ ಉತ್ತರ ಕೊಡದ ಆ ಮಗುವಿನ ನೆನಪಾಗದೆ ಇರಲಿಲ್ಲ. ಅಷ್ಟರಲ್ಲಿ ಅದರ ಪ್ರಮಾಣಪತ್ರಗಳು, ರಹದಾರಿ, ಕೆಲಸದ ಕರಾರು ಎಲ್ಲವೂ ನಾವು ಬರೆದ ಹೆಸರಿನಲ್ಲಿಯೇ ಆಗಿಹೋಗಿದ್ದವು.

ಪತ್ರದ ಕಡೆಯ ಪುಟಕ್ಕೆ ಈಗ ಬರುವೆವು.

ಅಲ್ಲಿ ಮಗು ಹುಟ್ಟಿದ ಮೂರು ತಿಂಗಳೊಳಗೆ ಹೆಸರನ್ನು ಸರಕಾರಕ್ಕೆ ತಿಳಿಸತಕ್ಕದ್ದೆಂದೂ, ಒಂದು ಮಗುವಿಗೆ ನಾಲ್ಕರ ವರೆಗೆ ಹೆಸರುಗಳನ್ನು ಇಡಬಹುದೆಂದೂ ಅವಳು ಬರೆದಿದ್ದಳು. “ನಾವು ಎರಡು ಇಟ್ಟಿದ್ದೇವೆ, ಅಕ್ಕೋರೇ. ಮೊದಲನೆಯದು ಆಯ್ನೊ. ಎರಡನೆಯದು ಸುಕ್ರಿ. ಇವಳು ಹುಟ್ಟಿದ್ದು ಶುಕ್ರವಾರವಲ್ಲ, ಬುಧವಾರ. ಹೆಸರು ಇವಳ ವಾರದ್ದಲ್ಲ, ನನ್ನದು. ಶಾಲೆಗೆ ಸೇರಿಸುವಾಗ ಇದನ್ನು ಬದಲಿಸಬೇಕಾದೀತೇ ಎಂದು ಇಲ್ಲಿಯ ಕಚೇರಿಯಲ್ಲಿ ಕೇಳಿದೆ. ನನ್ನ ಪ್ರಶ್ನೆಯೇ ಅವರಿಗೆ ತಿಳಿಯಲಿಲ್ಲ.”

ಇದರಲ್ಲಿ ನಮ್ಮ ಮೇಲೆ ದೂರು ಒಂದಕ್ಷರವೂ ಇರಲಿಲ್ಲ. ಕೆಳಗೆ ಎಂದಿನಂತೆ “ನಿಮ್ಮ ವಿಧೇಯ ಶಿಷ್ಯೆ” ಎಂದು ಬರೆದು, ನಾವು ಕೊಟ್ಟ ಹೆಸರಿನಿಂದಲೇ ರುಜು ಮಾಡಿದ್ದಳು. ದುಂಡಗಿನ ಅಕ್ಷರ, ನಾವೇ ಕಲಿಸಿದ್ದು.

ನಾವು ಓದುವುದನ್ನು ನಿಲ್ಲಿಸಿದ್ದನ್ನು ಕಂಡು ಅಜ್ಜಿಗೆ ಗಾಬರಿಯಾಯಿತು. “ಏನ್ ಬರದ್ದೆ? ಆರಾಮ ಅದೆ ಅಲ್ಲಾ?” ಎಂದರು. ಎರಡನೆಯ ಹೆಸರನ್ನು ಅವರಿಗೆ ಮಗಳು ಫೋನಿನಲ್ಲಿ ಹೇಳಿರಲಿಲ್ಲವೆಂದು ನಮಗೆ ಆಗ ತಿಳಿಯಿತು. ಅದನ್ನು ನಮ್ಮ ಬಾಯಿಂದ ಹೇಳಿಸಬೇಕೆಂದೇ ಅವಳು ಪತ್ರವನ್ನು ತಾಯಿಯ ಕೈಯಲ್ಲಿ ಕಳುಹಿಸಿದಳೋ ಏನೋ. ನಾವು ಹೇಳಿದೆವು. 26 ವರ್ಷದ ಕೆಳಗಿನ ಆ ಬೆಳಿಗ್ಗೆ ನಾವು ಮಾಡಿದ್ದು ತಪ್ಪೆಂದೂ ಹೇಳಿದೆವು.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಮಣಿಸರವನ್ನು ಬೆರಳಿನಿಂದ ಸರಿಸುತ್ತ ಕುಳಿತಿದ್ದರು. ಆಮೇಲೆ, “ಮನ್ಯಾಗೆ ನಾವ್ ಹಂಗೇ ಕರೀತಿದ್ದಿ, ಅಕ್ಕೋರೇ. ನಿಮ್ಗೆ ಬೇಜಾರಾತದೆ ಅಂತ ಸಾಲೀಲಿ ಹೇಳ್ಬೇಡಾ ಅಂದಿದ್ದೆ ಅದ್ಕೆ,” ಎಂದರು.

ನಮಗೆ ಬೇಜಾರಾಗಬಾರದೆಂದು ಆರು ವರ್ಷದ ಮಗು ತನ್ನ ಹೆಸರನ್ನು ಹತ್ತು ವರ್ಷ ಬಾಗಿಲ ಹೊರಗೆ ಇಟ್ಟು ಬರುತ್ತಿತ್ತು.

ಹೊರಡುವಾಗ ಅವರು ಎರಡೂ ಹೆಸರುಗಳನ್ನು ಒಂದು ಚೀಟಿಯಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಸಿಕೊಂಡರು. ಓದಲು ಬಾರದಿದ್ದರೂ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಸುಕ್ರಿ ಯಾವದೆಂದು ಕೇಳಿ, ಅದರ ಮೇಲೆ ಹೆಬ್ಬೆರಳಿಟ್ಟು, ಮಡಚಿ ಎಲೆಯಡಿಕೆಯ ಸಂಚಿಯಲ್ಲಿ ಇಟ್ಟುಕೊಂಡರು. ಮಾವಿನ ಬುಟ್ಟಿಯನ್ನು ಬಿಟ್ಟು ಹೋದರು. ಗೇಟಿನ ವರೆಗೆ ನಾವೂ ಹೋದೆವು. ಬಾಳೆಗುಳಿಯ ಕಡೆಗೆ ಹೋಗುವ ಬಸ್ಸು ಬರುವ ತನಕ ಅವರು ರಸ್ತೆಯ ಅಂಚಿನಲ್ಲಿ ನಿಂತು, ತಮ್ಮಷ್ಟಕ್ಕೆ, “ಆಯ್ನೊ… ಆಯ್ನೊ…” ಎಂದು ಮೆಲ್ಲಗೆ ರೂಢಿ ಮಾಡಿಕೊಳ್ಳುತ್ತಿದ್ದರು. ಇನ್ನೊಂದು ಹೆಸರಿಗೆ ರೂಢಿ ಬೇಕಾಗಿರಲಿಲ್ಲ.